ಹಳೆಯ ಪಿಕಪ್‌ನಲ್ಲಿ ಗೇರ್ ಸರಿಯಾಗಿ ಬೀಳದಿದ್ದರೆ: ಗೇರ್ ಬಾಕ್ಸ್ ಇಳಿಸುವ ಮುನ್ನ ಮಾಡಬೇಕಾದ ಪರೀಕ್ಷೆಗಳು

ಹತ್ತು ಹದಿನೈದು ವರ್ಷ ದುಡಿದ ಪಿಕಪ್‌ನಲ್ಲಿ ಗೇರ್ ಬದಲಿಸುವುದು ಕಷ್ಟವಾಗತೊಡಗಿದರೆ ‘ಗೇರ್ ಬಾಕ್ಸ್ ಹೋಯಿತು’ ಎಂಬ ಮಾತು ಮಾಲೀಕರ ಬಾಯಲ್ಲೂ ಮೆಕ್ಯಾನಿಕ್‌ಗಳ ಬಾಯಲ್ಲೂ ತಕ್ಷಣ ಬಂದುಬಿಡುತ್ತದೆ. ಆದರೆ ಗೇರ್ ಬೀಳದಿರುವುದಾಗಲಿ, ಹಾರುವುದಾಗಲಿ, ಹೊಡೆತ ಬರುವುದಾಗಲಿ ಲಕ್ಷಣವೇ ಹೊರತು ರೋಗವಲ್ಲ. ಅದರ ಮೂಲವು ಕ್ಲಚ್ ಪೆಡಲಿನ ಕೆಳಗೆ ಹಾಸಿದ ಮ್ಯಾಟ್‌ನಿಂದ ಹಿಡಿದು ಹಿಂದಿನ ಆಕ್ಸಲ್‌ನ ಯು-ಬೋಲ್ಟ್‌ವರೆಗೆ ಎಲ್ಲಿ ಬೇಕಾದರೂ ಇರಬಹುದು. ಬೊಲೆರೊ ಪಿಕಪ್, ಟಾಟಾ 207 ಮುಂತಾದ, ಎಂಜಿನ್ ಮುಂದಿದ್ದು ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಮೂಲಕ ಹಿಂದಿನ ಚಕ್ರಗಳಿಗೆ ಬಲ ಹೋಗುವ, ಕೈಯಿಂದ ಗೇರ್ ಹಾಕುವ ಡೀಸೆಲ್ ವಾಹನಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಬರಹವನ್ನು ಬರೆಯುತ್ತಿದ್ದೇನೆ. ಇಲ್ಲಿ ಹೇಳಿರುವ ಪರೀಕ್ಷೆಗಳಲ್ಲಿ ಹೆಚ್ಚಿನವಕ್ಕೆ ಒಂದು ಟಾರ್ಚ್, ಒಂದು ಸ್ಪ್ಯಾನರ್ ಸೆಟ್ ಮತ್ತು ಪೆಡಲ್ ತುಳಿಯಲು ಇನ್ನೊಬ್ಬರು ಇದ್ದರೆ ಸಾಕು.

ಸಕಲೇಶಪುರದ ಕಡೆಯ ನಮ್ಮ ತೋಟದ ಪಿಕಪ್‌ನಲ್ಲಿ ಒಮ್ಮೆ ಮೊದಲನೆಯ ಗೇರ್ ಮತ್ತು ರಿವರ್ಸ್ ಎರಡೂ ಗರ್ರೆಂದು ಶಬ್ದ ಮಾಡಿಯೇ ಬೀಳತೊಡಗಿದವು. ಗ್ಯಾರೇಜಿನವರು ಗೇರ್ ಬಾಕ್ಸ್ ಇಳಿಸಿ, ಗೇರ್ ಸದ್ದಿಲ್ಲದೆ ಬೀಳುವಂತೆ ಮಾಡುವ ಸಿಂಕ್ರೋ ರಿಂಗ್‌ಗಳನ್ನು ಬದಲಿಸಿ ಕೊಟ್ಟರು; ವಾಹನ ಮನೆಗೆ ಬಂದ ಮರುದಿನವೇ ಅದೇ ಶಬ್ದ ಮರಳಿತು. ಕೊನೆಗೆ ದೋಷ ಸಿಕ್ಕಿದ್ದು ಕ್ಲಚ್‌ಗೆ ಆಯಿಲ್ ಒತ್ತಡ ಒಯ್ಯುವ ರಬ್ಬರ್ ಪೈಪಿನಲ್ಲಿ. ಹಳೆಯದಾಗಿ ಮೆತ್ತಗಾಗಿದ್ದ ಆ ಪೈಪು ಪೆಡಲ್ ತುಳಿದಾಗಲೆಲ್ಲ ಉಬ್ಬುತ್ತಿತ್ತು, ಒತ್ತಡದ ಒಂದು ಪಾಲು ಆ ಉಬ್ಬಿನಲ್ಲೇ ಕಳೆದುಹೋಗಿ ಕ್ಲಚ್ ಪೂರ್ತಿ ಬಿಡುತ್ತಿರಲಿಲ್ಲ, ಅಂದರೆ ಪೆಡಲ್ ತುಳಿದರೂ ಎಂಜಿನ್ ಮತ್ತು ಗೇರ್ ಬಾಕ್ಸ್ ನಡುವಿನ ಹಿಡಿತ ಪೂರ್ತಿ ಕಳಚುತ್ತಿರಲಿಲ್ಲ. ಒಂದು ಪೈಪಿನ ಖರ್ಚಿನಲ್ಲಿ ಮುಗಿಯಬೇಕಿದ್ದ ಕೆಲಸಕ್ಕಾಗಿ ಕಾಫಿ ಕೊಯ್ಲಿನ ನಡುವೆ ವಾಹನ ಹನ್ನೊಂದು ದಿನ ನಿಂತಿತು. ಬೇರೆಯವರಿಗೆ ಹೀಗಾಗಬಾರದು ಎಂಬುದೇ ಇದನ್ನು ಬರೆಯಲು ಕಾರಣ.

ಮೊದಲು ಗಮನಿಸಬೇಕಾದದ್ದು

ಯಾವ ಬೋಲ್ಟನ್ನೂ ಮುಟ್ಟುವ ಮೊದಲು ಎರಡು ಮೂರು ದಿನ ವಾಹನ ಓಡಿಸಿ, ತೊಂದರೆ ಯಾವಾಗ ಬರುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕು. ಎಲ್ಲ ಗೇರ್‌ಗಳೂ ಗಟ್ಟಿಯಾಗಿವೆಯೇ ಅಥವಾ ಒಂದೇ ಗೇರ್ ತಕರಾರು ಮಾಡುತ್ತಿದೆಯೇ? ಬೆಳಗಿನ ತಂಪಿನಲ್ಲಿ ಹೆಚ್ಚೋ, ಒಂದು ಗಂಟೆ ಓಡಿ ಬಿಸಿಯಾದ ಮೇಲೆ ಹೆಚ್ಚೋ? ಗೇರ್ ಬೀಳುವುದೇ ಕಷ್ಟವೋ, ಬಿದ್ದ ಗೇರ್ ತಾನಾಗಿಯೇ ಹಾರಿ ನ್ಯೂಟ್ರಲ್‌ಗೆ ಬರುತ್ತಿದೆಯೋ? ಗೇರ್ ಸುಲಭವಾಗಿ ಬಿದ್ದರೂ ಕ್ಲಚ್ ಪೆಡಲ್ ಬಿಡುವಾಗ ಹಿಂದಿನಿಂದ ‘ಢಗ್’ ಎಂಬ ಹೊಡೆತ ಬರುತ್ತದೆಯೋ? ಈ ನಾಲ್ಕು ಪ್ರಶ್ನೆಗಳ ಉತ್ತರ ಸ್ಪಷ್ಟವಾಗಿದ್ದರೆ ಹುಡುಕಬೇಕಾದ ಜಾಗ ಕಿರಿದಾಗುತ್ತದೆ. ಒಂದೇ ಗೇರ್‌ನ ತೊಂದರೆಯಾದರೆ ದೋಷ ಗೇರ್ ಬಾಕ್ಸ್ ಒಳಗೆ, ಆ ಗೇರ್‌ನ ಸಿಂಕ್ರೋ ರಿಂಗ್ ಅಥವಾ ಹಲ್ಲುಗಳಲ್ಲಿ ಇರುವ ಸಾಧ್ಯತೆ ಹೆಚ್ಚು. ಮೂರು ಮತ್ತು ನಾಲ್ಕರಂತೆ ಲಿವರಿನ ಒಂದೇ ಸಾಲಿನ ಎರಡು ಗೇರ್‌ಗಳು ಒಟ್ಟಿಗೆ ಕೆಟ್ಟಿದ್ದರೆ ಅವೆರಡನ್ನೂ ತಳ್ಳುವ ಫೋರ್ಕ್ ಅಥವಾ ಹಬ್ ಅನ್ನು ಶಂಕಿಸಬೇಕು. ಎಲ್ಲ ಗೇರ್‌ಗಳೂ ಒಟ್ಟಿಗೆ ಗಟ್ಟಿಯಾಗಿದ್ದರೆ ಕ್ಲಚ್, ಆಯಿಲ್ ಅಥವಾ ಲಿವರಿನ ಜೋಡಣೆಯತ್ತ ನೋಡಬೇಕು, ಏಕೆಂದರೆ ನಾಲ್ಕೈದು ಸಿಂಕ್ರೋ ರಿಂಗ್‌ಗಳು ಒಂದೇ ವಾರದಲ್ಲಿ ಒಟ್ಟಿಗೆ ಸವೆಯುವುದು ಬಹಳ ಅಪರೂಪ.

ಸಿಂಕ್ರೋ ರಿಂಗ್ ಮಾಡುವ ಕೆಲಸವನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಗೇರ್ ಹಾಕುವಾಗ ಒಂದಕ್ಕೊಂದು ಕಚ್ಚಿಕೊಳ್ಳಬೇಕಾದ ಎರಡು ಭಾಗಗಳು ಬೇರೆ ಬೇರೆ ವೇಗದಲ್ಲಿ ತಿರುಗುತ್ತಿರುತ್ತವೆ. ಹೆಚ್ಚಿನ ಹಳೆಯ ಗೇರ್ ಬಾಕ್ಸ್‌ಗಳಲ್ಲಿ ಹಿತ್ತಾಳೆಯದಾಗಿರುವ ಈ ರಿಂಗು ಗೇರ್‌ನ ಶಂಕುವಿನಾಕಾರದ ಮೈಯನ್ನು ಒತ್ತಿ ಹಿಡಿದು, ಉಜ್ಜುವಿಕೆಯಿಂದ ಎರಡರ ವೇಗವನ್ನೂ ಒಂದಾಗಿಸುತ್ತದೆ; ವೇಗ ಒಂದಾಗುವವರೆಗೂ ಹಲ್ಲುಗಳು ಮುಂದೆ ಸರಿಯದಂತೆ ತಡೆಯುತ್ತದೆ. ಕ್ಲಚ್ ಪೂರ್ತಿ ಬಿಡದಿದ್ದರೆ ಎಂಜಿನ್ ಒಂದು ಕಡೆಯಿಂದ ಗೇರನ್ನು ತಿರುಗಿಸುತ್ತಲೇ ಇರುತ್ತದೆ, ಪಾಪ ಆ ತೆಳ್ಳನೆಯ ರಿಂಗು ಇಡೀ ಎಂಜಿನ್‌ನ ಬಲದೊಂದಿಗೆ ಸೆಣಸಬೇಕಾಗುತ್ತದೆ. ಆದ್ದರಿಂದಲೇ ಕ್ಲಚ್ ದೋಷವನ್ನು ತಿಂಗಳುಗಟ್ಟಲೆ ಅಲಕ್ಷಿಸಿದ ವಾಹನದಲ್ಲಿ ಕೊನೆಗೆ ಸಿಂಕ್ರೋ ರಿಂಗ್‌ಗಳೂ ನಿಜವಾಗಿಯೇ ಹಾಳಾಗುತ್ತವೆ.

ಎಂಜಿನ್ ಆಫ್, ಎಂಜಿನ್ ಆನ್

ಎಲ್ಲಕ್ಕಿಂತ ಬೆಲೆಯುಳ್ಳ ಪರೀಕ್ಷೆಗೆ ಒಂದು ನಿಮಿಷವೂ ಬೇಡ. ಸಮತಟ್ಟಾದ ಜಾಗದಲ್ಲಿ ವಾಹನ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ಆಫ್ ಮಾಡಿ, ಕ್ಲಚ್ ತುಳಿದು ಒಂದರಿಂದ ರಿವರ್ಸ್‌ವರೆಗೆ ಎಲ್ಲ ಗೇರ್‌ಗಳನ್ನೂ ನಿಧಾನವಾಗಿ ಹಾಕಿ ನೋಡಬೇಕು. ನಿಂತ ವಾಹನದಲ್ಲಿ ಒಮ್ಮೊಮ್ಮೆ ಹಲ್ಲಿಗೆ ಹಲ್ಲು ಎದುರಾಗಿ ಗೇರ್ ಬೀಳದಿರಬಹುದು; ಆಗ ಬೇರೊಂದು ಗೇರ್ ಹಾಕಿ ತೆಗೆದು ಮತ್ತೆ ಪ್ರಯತ್ನಿಸಿದರಾಯಿತು. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ ಇದನ್ನೇ ಪುನಃ ಮಾಡಬೇಕು. ಆಫ್ ಇದ್ದಾಗ ಸಲೀಸಾಗಿ ಬೀಳುವ ಗೇರ್‌ಗಳು ಎಂಜಿನ್ ಓಡುವಾಗ ಮಾತ್ರ ಗಟ್ಟಿಯಾದರೆ ಅಥವಾ ಶಬ್ದ ಮಾಡಿದರೆ, ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದು ತಿಳಿಯಬೇಕು. ಎರಡೂ ಸಲ ಒಂದೇ ರೀತಿ ಗಟ್ಟಿಯಾಗಿದ್ದರೆ ಕ್ಲಚ್ ನಿರ್ದೋಷಿ; ಲಿವರ್, ಅದರ ಜೋಡಣೆ, ಆಯಿಲ್ ಅಥವಾ ಗೇರ್ ಬಾಕ್ಸ್ ಒಳಭಾಗ ನೋಡಬೇಕು.

ಇದನ್ನು ಖಚಿತಪಡಿಸಿಕೊಳ್ಳಲು ರಿವರ್ಸ್ ಗೇರ್ ನೆರವಾಗುತ್ತದೆ. ಹಳೆಯ ಗೇರ್ ಬಾಕ್ಸ್‌ಗಳಲ್ಲಿ ಹಲವಕ್ಕೆ ರಿವರ್ಸ್‌ನಲ್ಲಿ ಸಿಂಕ್ರೋ ಇರುವುದಿಲ್ಲ, ಹಾಗಾಗಿ ಅಲ್ಲಿ ಕ್ಲಚ್‌ನ ದೋಷ ಮರೆಯಾಗದೆ ಬಯಲಾಗುತ್ತದೆ. ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ ನ್ಯೂಟ್ರಲ್‌ನಲ್ಲಿ ಕ್ಲಚ್ ಪೂರ್ತಿ ತುಳಿದು, ಮನಸ್ಸಿನಲ್ಲಿ ಐದಾರು ಎಣಿಸಿ, ನಂತರ ರಿವರ್ಸ್ ಹಾಕಬೇಕು. ಅಷ್ಟು ಹೊತ್ತಿಗೆ ಒಳಗಿನ ಶಾಫ್ಟ್ ತಿರುಗುವುದನ್ನು ನಿಲ್ಲಿಸಿರಬೇಕು. ಆಗಲೂ ಗರ್ರೆಂದರೆ ಎಂಜಿನ್ ಆ ಶಾಫ್ಟನ್ನು ಇನ್ನೂ ಎಳೆಯುತ್ತಿದೆ ಎಂದರ್ಥ. ಕ್ಲಚ್ ತುಳಿದೇ ಇದ್ದರೂ ಮೊದಲನೆಯ ಗೇರ್‌ನಲ್ಲಿ ವಾಹನ ಮೆಲ್ಲಗೆ ಮುಂದೆ ತೆವಳುವುದೂ ಇದೇ ದೋಷದ ಸೂಚನೆ. ಈ ಪರೀಕ್ಷೆ ಮಾಡುವಾಗ ವಾಹನದ ಮುಂದೆ ಹಿಂದೆ ಯಾರೂ, ಅದರಲ್ಲೂ ಮಕ್ಕಳು, ಇರದಂತೆ ನೋಡಿಕೊಳ್ಳಲೇಬೇಕು.

ಕ್ಲಚ್ ಏಕೆ ಬಿಡುತ್ತಿಲ್ಲ

ಮೊದಲು ಪೆಡಲಿನ ಕೆಳಗೆ ಕೈಹಾಕಿ ನೋಡಿ. ಒಂದರ ಮೇಲೊಂದು ಹಾಸಿದ ರಬ್ಬರ್ ಮ್ಯಾಟ್, ಗಟ್ಟಿಯಾದ ಕೆಸರು ಅಥವಾ ಉರುಳಿ ಬಂದ ನೀರಿನ ಬಾಟಲಿ ಪೆಡಲನ್ನು ಕೊನೆಯವರೆಗೆ ಹೋಗಲು ಬಿಡದಿದ್ದರೆ ಕ್ಲಚ್ ಬಿಡುವುದಾದರೂ ಹೇಗೆ? ನಂತರ ಪೆಡಲನ್ನು ಬೆರಳಿನಿಂದ ಮೆಲ್ಲಗೆ ಒತ್ತಿ, ಭಾರ ತಗುಲುವ ಮೊದಲು ಅದು ಎಷ್ಟು ಸಡಿಲವಾಗಿ ಆಡುತ್ತದೆ ಎಂದು ಅಳೆಯಬೇಕು. ಈ ಆಟ ಎಷ್ಟಿರಬೇಕೆಂಬುದು ವಾಹನದ ಕೈಪಿಡಿಯಲ್ಲಿ ಇರುತ್ತದೆ. ಅದು ಹೆಚ್ಚಾದಷ್ಟೂ ಕ್ಲಚ್ ಬಿಡಲು ಉಳಿಯುವ ದೂರ ಕಡಿಮೆಯಾಗುತ್ತದೆ. ಕೇಬಲ್ ಕ್ಲಚ್ ಇರುವ ವಾಹನವಾದರೆ ಕೇಬಲಿನ ಎಳೆಗಳು ಕಿತ್ತಿವೆಯೇ, ಹೊರಕವಚ ಬಾಗಿದೆಯೇ ಎಂದು ನೋಡಿ ನಟ್ಟನ್ನು ಹೊಂದಿಸಿದರೆ ಅಲ್ಲಿಗೆ ಆ ಭಾಗ ಮುಗಿಯಿತು.

ಆಯಿಲ್ ಒತ್ತಡದಿಂದ ನಡೆಯುವ ಕ್ಲಚ್‌ನಲ್ಲಿ ನೋಡಬೇಕಾದದ್ದು ಹೆಚ್ಚು. ಪೆಡಲನ್ನು ಎರಡು ಮೂರು ಬಾರಿ ಪಟಪಟನೆ ತುಳಿದ ಮೇಲೆ ಗೇರ್ ಸುಲಭವಾಗಿ ಬಿದ್ದರೆ ಪೈಪಿನಲ್ಲಿ ಗಾಳಿ ಸೇರಿದೆ ಅಥವಾ ಸಿಲಿಂಡರಿನ ರಬ್ಬರ್ ಸೀಲು ಸವೆದಿದೆ. ಪೆಡಲನ್ನು ತುಳಿದು ಹಿಡಿದಾಗ ಮೊದಲು ಎಲ್ಲ ಸರಿಯಿದ್ದು, ಅರ್ಧ ಒಂದು ನಿಮಿಷದ ನಂತರ ವಾಹನ ತೆವಳತೊಡಗಿದರೆ, ಹೊರಗೆ ಒಂದು ಹನಿಯೂ ಸೋರದಿದ್ದರೂ ಪೆಡಲಿಗೆ ಜೋಡಿಸಿರುವ ಮಾಸ್ಟರ್ ಸಿಲಿಂಡರಿನ ಒಳಗೆ ಒತ್ತಡ ಹಿಂದಕ್ಕೆ ಜಾರುತ್ತಿದೆ ಎಂದು ತಿಳಿಯಬೇಕು. ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ ತೊಂದರೆ ಎಂದು ಚಾಲಕರು ಹೇಳುವುದು ಬಹುಮಟ್ಟಿಗೆ ಇದನ್ನೇ. ಮಾಸ್ಟರ್ ಸಿಲಿಂಡರ್ ಸೋರಿದರೆ ಪೆಡಲಿನ ಮೇಲ್ಭಾಗದಲ್ಲಿ, ಕ್ಯಾಬಿನ್ ಒಳಗೆ ಒದ್ದೆ ಕಾಣುತ್ತದೆ. ಆ ಒತ್ತಡದಿಂದ ಕ್ಲಚ್ಚನ್ನು ತಳ್ಳುವ ಸ್ಲೇವ್ ಸಿಲಿಂಡರ್ ಸೋರಿದರೆ ಗೇರ್ ಬಾಕ್ಸ್ ಪಕ್ಕದಲ್ಲಿ ಅದರ ರಬ್ಬರ್ ಟೊಪ್ಪಿಯನ್ನು ಸ್ವಲ್ಪ ಸರಿಸಿದ ಕೂಡಲೇ ಆಯಿಲ್ ಇಳಿಯುತ್ತದೆ. ಇನ್ನೊಬ್ಬರು ಪೆಡಲ್ ತುಳಿಯುತ್ತಿರುವಾಗ ಸ್ಲೇವ್ ಸಿಲಿಂಡರಿನ ರಾಡ್ ಎಷ್ಟು ಚಲಿಸುತ್ತದೆ ಎಂದು ಅಳೆಯುವುದು ಬಹಳ ಉಪಯುಕ್ತ. ರಾಡ್ ಕೈಪಿಡಿ ಹೇಳುವಷ್ಟು ದೂರ ಚಲಿಸಿಯೂ ಗೇರ್ ಬೀಳದಿದ್ದರೆ ದೋಷ ಕ್ಲಚ್ ಹೌಸಿಂಗ್, ಅಂದರೆ ಕ್ಲಚ್ಚನ್ನು ಮುಚ್ಚಿರುವ ಕವಚದ ಒಳಗಿದೆ; ಚಲಿಸದಿದ್ದರೆ ಹೊರಗಿದೆ. ಅದೇ ಹೊತ್ತಿನಲ್ಲಿ ರಬ್ಬರ್ ಪೈಪಿನ ಮೇಲೆ ಕೈಯಿಟ್ಟು ಉಬ್ಬುತ್ತಿದೆಯೇ ಎಂದೂ ನೋಡಿ. ನಮ್ಮ ವಾಹನದಲ್ಲಿ ಯಾರೂ ಮಾಡದೆ ಬಿಟ್ಟದ್ದು ಇಷ್ಟೇ ಕೆಲಸವನ್ನು.

ಗಾಳಿ ತೆಗೆಯಲು ಒಬ್ಬರು ಪೆಡಲ್ ತುಳಿದು ಹಿಡಿದಿರಬೇಕು, ಇನ್ನೊಬ್ಬರು ಸ್ಲೇವ್ ಸಿಲಿಂಡರಿನ ನಿಪ್ಪಲ್ ಸಡಿಲಿಸಿ ಗುಳ್ಳೆಗಳನ್ನು ಹೊರಬಿಟ್ಟು, ಪೆಡಲ್ ಮೇಲೆ ಬರುವ ಮುನ್ನವೇ ಅದನ್ನು ಬಿಗಿಯಬೇಕು. ಗುಳ್ಳೆ ನಿಲ್ಲುವವರೆಗೆ ಹೀಗೆಯೇ ಮುಂದುವರಿಸಬೇಕು. ನಡುವೆ ಡಬ್ಬಿಯ ಆಯಿಲ್ ಖಾಲಿಯಾಗಲು ಬಿಡಬಾರದು. ಮುಚ್ಚಳದ ಮೇಲೆ ಬರೆದಿರುವ ಡಾಟ್ 3 ಅಥವಾ ಡಾಟ್ 4 ಬ್ರೇಕ್ ಆಯಿಲನ್ನೇ ಹಾಕಬೇಕು. ತುರ್ತಿಗೆಂದು ಎಂಜಿನ್ ಆಯಿಲ್ ಸುರಿದರೆ ಸೀಲುಗಳೆಲ್ಲ ಊದಿ ಇಡೀ ವ್ಯವಸ್ಥೆಯೇ ಹಾಳಾಗುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಮಲೆನಾಡು ಮತ್ತು ಕರಾವಳಿಯ ಮಳೆಯಲ್ಲಿ ದುಡಿಯುವ ವಾಹನಗಳಲ್ಲಿ ಎರಡು ವರ್ಷಕ್ಕೊಮ್ಮೆಯಾದರೂ ಅದನ್ನು ಪೂರ್ತಿ ಬದಲಿಸುವುದು ಒಳ್ಳೆಯದು.

ಹೌಸಿಂಗ್ ಒಳಗಿನ ದೋಷಗಳಲ್ಲಿ ಬಾಗಿದ ಕ್ಲಚ್ ಪ್ಲೇಟ್, ಅದನ್ನು ಒತ್ತಿ ಹಿಡಿಯುವ, ಬೆರಳಿನಂತಹ ಸ್ಪ್ರಿಂಗ್ ತುದಿಗಳು ಸವೆದ ಪ್ರೆಷರ್ ಪ್ಲೇಟ್, ಸವೆದ ರಿಲೀಸ್ ಫೋರ್ಕ್ ಮತ್ತು ಫ್ಲೈವೀಲ್ ನಡುವಿನ ಪೈಲಟ್ ಬೇರಿಂಗ್ ಜಾಮ್ ಆಗಿರುವುದು ಮುಖ್ಯವಾದವು. ಶಬ್ದವನ್ನು ಆಲಿಸಿಯೂ ಕೆಲವನ್ನು ಹೇಳಬಹುದು. ನ್ಯೂಟ್ರಲ್‌ನಲ್ಲಿ ಕ್ಲಚ್ ತುಳಿದಾಗ ಶುರುವಾಗುವ ಶಬ್ದ ಸಾಮಾನ್ಯವಾಗಿ ರಿಲೀಸ್ ಬೇರಿಂಗ್‌ನದು. ಕ್ಲಚ್ ಬಿಟ್ಟಾಗ ಇದ್ದು ತುಳಿದಾಗ ನಿಲ್ಲುವ ಗೊರಗೊರ ಶಬ್ದ ಗೇರ್ ಬಾಕ್ಸ್‌ನ ಮುಂದಿನ ಶಾಫ್ಟಿನ ಬೇರಿಂಗ್‌ನದು. ಹೊಸ ಕ್ಲಚ್ ಹಾಕಿಸಿದ ಮೇಲೆಯೇ ಈ ತೊಂದರೆ ಶುರುವಾಗಿದ್ದರೆ, ಜೋಡಿಸುವಾಗ ಗೇರ್ ಬಾಕ್ಸ್‌ನ ಭಾರವೆಲ್ಲ ಪ್ಲೇಟಿನ ಮೇಲೆ ತೂಗಿ ಅದು ಬಾಗಿರಬಹುದು, ಅಥವಾ ಪ್ಲೇಟ್ ತಿರುಗುಮುರುಗಾಗಿ ಕೂತಿರಬಹುದು. ಹೇಗೂ ಗೇರ್ ಬಾಕ್ಸ್ ಇಳಿಸಿದ್ದಾರೆಂದ ಮೇಲೆ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮತ್ತು ಪೈಲಟ್ ಬೇರಿಂಗ್ ನಾಲ್ಕನ್ನೂ ಒಟ್ಟಿಗೆ ಬದಲಿಸಿ, ಎಂಜಿನ್‌ನ ಹಿಂದಿನ ಆಯಿಲ್ ಸೀಲನ್ನೂ ನೋಡಿಸುವುದೇ ಲಾಭ. ಹಳೆಯ ಪ್ಲೇಟುಗಳ ಪುಡಿಯಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇರುವುದರಿಂದ ಅದನ್ನು ಗಾಳಿ ಹೊಡೆದು ಹಾರಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಗ್ಯಾರೇಜಿನಲ್ಲಿ ಕೆಲಸ ಮಾಡುವ ಹುಡುಗರ ಶ್ವಾಸಕೋಶದ ಪ್ರಶ್ನೆ ಇದು.

ಆಯಿಲ್ ಹೇಳುವ ಕಥೆ

ಕ್ಲಚ್ ಸರಿಯಿದೆ ಎಂದು ಖಚಿತವಾದ ಮೇಲೆ ಗೇರ್ ಆಯಿಲ್ ನೋಡಬೇಕು. ಬರೀ ಜ್ಯಾಕಿನ ಮೇಲೆ ನಿಂತ ವಾಹನದ ಕೆಳಗೆ ಎಂದೂ ನುಗ್ಗಬಾರದು. ಸ್ಟ್ಯಾಂಡ್ ಕೊಟ್ಟು, ಚಕ್ರಗಳಿಗೆ ಕಲ್ಲೋ ಮರದ ತುಂಡೋ ಒತ್ತುಕೊಟ್ಟ ಮೇಲೆಯೇ ಇಳಿಯಬೇಕು. ಹಲವು ಪಿಕಪ್‌ಗಳು ಎತ್ತರ ಇರುವುದರಿಂದ ಎತ್ತದೆಯೇ ಕೈ ತಲುಪುತ್ತದೆ, ಅದು ಇನ್ನೂ ಒಳ್ಳೆಯದು. ಮೇಲಿನ, ಅಂದರೆ ಆಯಿಲ್ ತುಂಬುವ ಬೋಲ್ಟನ್ನು ಮೊದಲು ಬಿಚ್ಚಬೇಕು, ಕೆಳಗಿನದನ್ನು ಆಮೇಲೆ. ತುಕ್ಕು ಹಿಡಿದ ಮೇಲಿನ ಬೋಲ್ಟ್ ಬಿಚ್ಚಲು ಬಾರದೆಂದು ತಿಳಿಯುವ ಹೊತ್ತಿಗೆ ಆಯಿಲೆಲ್ಲ ಕೆಳಗೆ ಹರಿದುಹೋಗಿದ್ದರೆ ವಾಹನ ಅಲ್ಲಿಯೇ ನಿಲ್ಲಬೇಕಾಗುತ್ತದೆ. ವಾಹನ ಸಮತಟ್ಟಾಗಿ ನಿಂತಿರುವಾಗ ಆಯಿಲ್ ಮೇಲಿನ ರಂಧ್ರದ ಕೆಳ ಅಂಚಿನವರೆಗೆ ಇರಬೇಕು. ಮಟ್ಟ ಇಳಿದಿದ್ದರೆ ಬರೀ ತುಂಬಿ ಸುಮ್ಮನಾಗದೆ, ಎಲ್ಲಿ ಸೋರಿದೆ ಎಂದು ಹಿಂದಿನ ಸೀಲ್, ಹೌಸಿಂಗ್ ಜೋಡಣೆ ಮತ್ತು ಒಳಗಿನ ಗಾಳಿ ಹೊರಬಿಡುವ ಬ್ರೀದರ್‌ಗಳನ್ನು ನೋಡಬೇಕು. ಕೆಸರಿನಿಂದ ಬ್ರೀದರ್ ಕಟ್ಟಿಕೊಂಡರೆ ಒಳಗಿನ ಬಿಸಿ ಗಾಳಿಯ ಒತ್ತಡಕ್ಕೆ ಒಳ್ಳೆಯ ಸೀಲೂ ಸೋರುತ್ತದೆ.

ಇಳಿಸಿದ ಆಯಿಲನ್ನು ಬೆಳಕಿನಲ್ಲಿ, ಬಿಳಿ ಬಟ್ಟೆಯ ಮೇಲೆ ಹರಡಿ ನೋಡುವುದನ್ನು ಬಿಡಬಾರದು. ಬೋಲ್ಟಿನ ಅಯಸ್ಕಾಂತಕ್ಕೆ ಅಂಟಿದ ನುಣ್ಣನೆಯ ಬೂದು ಬಣ್ಣದ ಮುಲಾಮಿನಂತಹ ಪದರ ಹಳೆಯ ವಾಹನದಲ್ಲಿ ಸಹಜ. ಬಂಗಾರದ ಬಣ್ಣದ ಮಿನುಗು ಕಂಡರೆ ಅದು ಹಿತ್ತಾಳೆ, ಸಿಂಕ್ರೋ ರಿಂಗ್ ಸವೆಯುತ್ತಿದೆ. ಬೆರಳಿಗೆ ಚುಚ್ಚುವ ಉಕ್ಕಿನ ಚೂರು ಸಿಕ್ಕರೆ ಗೇರ್‌ನ ಹಲ್ಲು ಅಥವಾ ಬೇರಿಂಗ್ ಒಡೆದಿದೆ, ಇನ್ನು ಓಡಿಸುವುದು ಬೇಡ. ಹಾಲು ಬೆರೆಸಿದ ಕಾಫಿಯ ಬಣ್ಣ ಬಂದಿದ್ದರೆ ನೀರು ಸೇರಿದೆ. ಮಳೆಗಾಲದಲ್ಲಿ ಹಳ್ಳ ದಾಟಿದ ವಾಹನಗಳಲ್ಲಿ ಇದು ಕಾಣುವುದುಂಟು.

ಆಯಿಲ್ ಆಯ್ಕೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ತಿಳಿಯದೆ ಆಗುವ ತಪ್ಪು ಇಲ್ಲಿ ಹೆಚ್ಚು. ಡಬ್ಬಿಯ ಮೇಲೆ 80ಡಬ್ಲ್ಯೂ-90 ಎಂದಿರುವುದು ದಪ್ಪದ ಅಳತೆ ಮಾತ್ರ. ಜಿಎಲ್-4, ಜಿಎಲ್-5 ಎಂಬುದು ಬೇರೆಯದೇ ಗುಣ. ಹಿಂದಿನ ಆಕ್ಸಲ್ ಹೌಸಿಂಗಿನ ಕ್ರೌನ್ ಮತ್ತು ಪಿನಿಯನ್ ಗೇರ್‌ಗಳ ಮೇಲೆ ಬೀಳುವ ವಿಪರೀತ ಒತ್ತಡಕ್ಕಾಗಿ ಜಿಎಲ್-5ರಲ್ಲಿ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಹೆಚ್ಚು ಬೆರೆಸಿರುತ್ತಾರೆ. ಆ ಸಂಯುಕ್ತಗಳಲ್ಲಿ ಕೆಲವು ಹಿತ್ತಾಳೆಯನ್ನು ತಿನ್ನಬಲ್ಲವು. ಜೊತೆಗೆ ಆ ಜಾರುವ ಗುಣದಿಂದಾಗಿ ಸಿಂಕ್ರೋ ರಿಂಗಿಗೆ ಬೇಕಾದ ಉಜ್ಜುವಿಕೆಯೂ ಸಿಗುವುದಿಲ್ಲ. ಒಂದೇ ಡಬ್ಬಿ ತಂದು ಹೌಸಿಂಗಿಗೂ ಗೇರ್ ಬಾಕ್ಸ್‌ಗೂ ಸುರಿದರೆ, ಹೌಸಿಂಗಿಗೆ ಒಳ್ಳೆಯದಾದ ಆಯಿಲ್ ಗೇರ್ ಬಾಕ್ಸ್‌ಗೆ ಕೆಡುಕಾಗುತ್ತದೆ. ಕೈಪಿಡಿ ಗೇರ್ ಬಾಕ್ಸ್‌ಗೆ ಜಿಎಲ್-4 ಎಂದು ಹೇಳಿದ್ದರೆ ಅದನ್ನೇ ಹಾಕಬೇಕು. ಡಿಸೆಂಬರಿನ ಬೆಳಗ್ಗೆ ಮೊದಲ ಒಂದೆರಡು ಕಿಲೋಮೀಟರ್ ಎರಡನೆಯ ಗೇರ್ ಸ್ವಲ್ಪ ಗಟ್ಟಿಯಾಗಿದ್ದು, ಬಿಸಿಯಾದ ಮೇಲೆ ಸರಿಹೋಗುವುದಾದರೆ ಅದು ಆಯಿಲಿನ ದಪ್ಪದಿಂದ ಆದದ್ದು, ಗಾಬರಿ ಬೇಡ.

ಒಂದೇ ಗೇರ್ ಕಾಡುತ್ತಿದ್ದರೆ, ಗೇರ್ ಹಾರುತ್ತಿದ್ದರೆ

ಒಂದೇ ಗೇರ್ ಶಬ್ದ ಮಾಡುತ್ತಿದ್ದರೆ ಡಬಲ್ ಕ್ಲಚ್ ಮಾಡಿ ನೋಡಿ. ಉದಾಹರಣೆಗೆ ಮೂರರಿಂದ ಎರಡಕ್ಕೆ ಇಳಿಸುವಾಗ ಕ್ಲಚ್ ತುಳಿದು ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು ಸ್ವಲ್ಪ ಆಕ್ಸಿಲೇಟರ್ ಕೊಟ್ಟು, ಮತ್ತೆ ಕ್ಲಚ್ ತುಳಿದು ಎರಡಕ್ಕೆ ಹಾಕಬೇಕು. ಆಗ ಸಿಂಕ್ರೋ ಮಾಡಬೇಕಾದ ಕೆಲಸವನ್ನು ನಮ್ಮ ಕಾಲೇ ಮಾಡಿಬಿಡುತ್ತದೆ. ಹೀಗೆ ಮಾಡಿದಾಗ ಗೇರ್ ಸದ್ದಿಲ್ಲದೆ ಬಿದ್ದರೆ ಆ ಗೇರ್‌ನ ಸಿಂಕ್ರೋ ರಿಂಗ್ ಸವೆದಿದೆ ಎಂಬುದರಲ್ಲಿ ಹೆಚ್ಚು ಅನುಮಾನ ಉಳಿಯುವುದಿಲ್ಲ. ಬಿಡಿಭಾಗ ಸಿಗುವವರೆಗೆ ಇದೇ ರೀತಿ ಓಡಿಸಿ ಹಲ್ಲುಗಳನ್ನು ಉಳಿಸಿಕೊಳ್ಳಬಹುದು.

ಬಿದ್ದ ಗೇರ್ ತಾನಾಗಿ ಹಾರುವುದನ್ನು ಇಲ್ಲಿ ಹೇಳಿದ ಎಲ್ಲ ದೋಷಗಳಿಗಿಂತ ಗಂಭೀರವಾಗಿ ತೆಗೆದುಕೊಳ್ಳಬೇಕು. ಒಂದೂವರೆ ಟನ್ ಹೊರೆಯೊಂದಿಗೆ ಶಿರಾಡಿಯನ್ನೋ ಚಾರ್ಮಾಡಿಯನ್ನೋ ಇಳಿಯುವಾಗ ವಾಹನವನ್ನು ಹಿಡಿದಿಡುವುದು ಬ್ರೇಕಿಗಿಂತ ಹೆಚ್ಚಾಗಿ ಎರಡನೆಯ ಗೇರ್. ಅದು ಹಾರಿದರೆ ಇಡೀ ಭಾರ ಬಿಸಿಯಾದ ಬ್ರೇಕಿನ ಮೇಲೆ ಬೀಳುತ್ತದೆ. ಅಂತಹ ವಾಹನವನ್ನು ದುರಸ್ತಿಯಾಗುವವರೆಗೆ ಘಾಟಿಗೆ ಒಯ್ಯಲೇಬಾರದು. ಕಾರಣಗಳಲ್ಲಿ ಹೊರಗಿನವನ್ನು ಮೊದಲು ನೋಡಬೇಕು. ಗೇರ್ ಬಾಕ್ಸ್ ಕೆಳಗಿನ ರಬ್ಬರ್ ಮೌಂಟಿಂಗ್ ಆಯಿಲ್ ಕುಡಿದು ಹರಿದಿದ್ದರೆ, ಆಕ್ಸಿಲೇಟರ್ ಒತ್ತಿ ಬಿಟ್ಟಾಗಲೆಲ್ಲ ಎಂಜಿನ್ ಮತ್ತು ಗೇರ್ ಬಾಕ್ಸ್ ಒಟ್ಟಿಗೆ ಓಲಾಡುತ್ತವೆ. ಲಿವರ್ ಕೂಡ ಹಿಂದೆ ಮುಂದೆ ಆಡುವುದು ಕಣ್ಣಿಗೇ ಕಾಣುತ್ತದೆ. ಲಿವರಿನ ಬುಡದ ಪ್ಲಾಸ್ಟಿಕ್ ಬುಷ್ ಸವೆದಿದ್ದರೆ ಗೇರ್ ಪೂರ್ತಿ ಒಳಗೆ ಹೋಗುವ ಮೊದಲೇ ಲಿವರಿನ ಓಟ ಮುಗಿದುಹೋಗುತ್ತದೆ, ಅರ್ಧ ಕಚ್ಚಿದ ಗೇರ್ ಭಾರ ಬಿದ್ದ ಕೂಡಲೇ ಹೊರಬರುತ್ತದೆ. ಲಿವರಿನ ರಬ್ಬರ್ ಟೊಪ್ಪಿ ಒಳಗೆ ಸೇರಿ ಅಡ್ಡಿಯಾಗಿರುವುದನ್ನೂ, ಹೊಸ ಕಾರ್ಪೆಟ್ ಹಾಕಿಸಿದ ಮೇಲೆ ಲಿವರ್ ಅಂಚಿಗೆ ತಗುಲುವುದನ್ನೂ ನೋಡಿದ್ದೇನೆ. ಇವೆಲ್ಲ ಸರಿಯಿದ್ದೂ ಗೇರ್ ಹಾರಿದರೆ ಒಳಗಿನ ಫೋರ್ಕ್, ಗೇರನ್ನು ಜಾಗದಲ್ಲಿ ಹಿಡಿದಿಡುವ ಗುಂಡು ಮತ್ತು ಸ್ಪ್ರಿಂಗ್, ಅಥವಾ ಮೊನೆ ದುಂಡಗಾದ ಹಲ್ಲುಗಳು ಕಾರಣ. ಆಗ ಗೇರ್ ಬಾಕ್ಸ್ ಇಳಿಸಲೇಬೇಕು.

ಗೇರ್ ಸುಲಭವಾಗಿ ಬಿದ್ದು, ಕ್ಲಚ್ ಪೆಡಲ್ ಬಿಡುವಾಗ ಹೊಡೆತ ಮಾತ್ರ ಬರುತ್ತಿದ್ದರೆ ಗೇರ್ ಬಾಕ್ಸ್‌ನ ಹಿಂದೆ ನೋಡಬೇಕು. ವಾಹನಕ್ಕೆ ಒತ್ತುಕೊಟ್ಟು, ಎಂಜಿನ್ ಆಫ್ ಮಾಡಿ, ನ್ಯೂಟ್ರಲ್‌ನಲ್ಲಿಟ್ಟು, ಪ್ರೊಪೆಲ್ಲರ್ ಶಾಫ್ಟನ್ನು ಕೈಯಿಂದ ಎಡಕ್ಕೂ ಬಲಕ್ಕೂ ತಿರುಚಿ ನೋಡಿ. ಶಾಫ್ಟಿನ ಕೀಲುಗಳಲ್ಲಿರುವ ಕ್ರಾಸ್‌ನ ಬಟ್ಟಲುಗಳ ಸುತ್ತ ಕೆಂಪು ತುಕ್ಕಿನ ಪುಡಿ ಇದ್ದರೆ ಒಳಗಿನ ಸೂಜಿ ಬೇರಿಂಗ್ ಗ್ರೀಸ್ ಇಲ್ಲದೆ ಒಣಗಿದೆ. ಸೆಂಟರ್ ಬೇರಿಂಗ್‌ನ ರಬ್ಬರ್ ಹರಿದಿರುವುದು, ಶಾಫ್ಟಿನ ಜಾರುವ ಜೋಡಣೆ ಸವೆದಿರುವುದು, ಪ್ಲೇಟ್ ಸ್ಪ್ರಿಂಗಿನ ಯು-ಬೋಲ್ಟ್ ಸಡಿಲವಾಗಿ ಆಕ್ಸಲ್ ಹೊರಳುವುದು, ಇವೆಲ್ಲವೂ ಅದೇ ಹೊಡೆತವನ್ನು ಕೊಡುತ್ತವೆ. ನಿಪ್ಪಲ್ ಇರುವ ಕ್ರಾಸ್‌ಗಳಿಗೆ ನಾಲ್ಕೂ ಬಟ್ಟಲುಗಳಿಂದ ಹೊಸ ಗ್ರೀಸ್ ಹೊರಬರುವವರೆಗೆ ಗ್ರೀಸ್ ಹೊಡೆಸಬೇಕು.

ಇಷ್ಟೆಲ್ಲ ನೋಡಿಯೂ ಗೇರ್ ಬಾಕ್ಸ್ ಬಿಚ್ಚಲೇಬೇಕೆಂದಾದರೆ, ಬರೆದಿಟ್ಟ ಹಾಳೆಯನ್ನು ಮೆಕ್ಯಾನಿಕ್ ಕೈಗೆ ಕೊಡಿ: ಯಾವ ಗೇರ್, ಬಿಸಿಯಲ್ಲೋ ತಂಪಿನಲ್ಲೋ, ಎಂಜಿನ್ ಆಫ್ ಇದ್ದಾಗ ಹೇಗಿತ್ತು, ಸ್ಲೇವ್ ಸಿಲಿಂಡರಿನ ರಾಡ್ ಎಷ್ಟು ಚಲಿಸಿತು, ಆಯಿಲಿನಲ್ಲಿ ಏನು ಸಿಕ್ಕಿತು. ಬಿಚ್ಚಿದ ಹಳೆಯ ರಿಂಗ್ ಮತ್ತು ಬೇರಿಂಗ್‌ಗಳನ್ನು ಎತ್ತಿಡಲು ಹೇಳಿ, ಮುಚ್ಚುವ ಮೊದಲು ಒಮ್ಮೆ ಹೋಗಿ ನೋಡಿ. ಸವೆದ ರಿಂಗನ್ನು ಗೇರ್‌ನ ಶಂಕುವಿನ ಮೇಲೆ ಒತ್ತಿ ತಿರುಗಿಸಿದರೆ ಅದು ಹಿಡಿಯದೆ ಜಾರುತ್ತದೆ. ಹೊಸದು ಕಚ್ಚಿ ಹಿಡಿಯುತ್ತದೆ. ವಾಹನ ಕೈಗೆ ಬಂದ ದಿನ ಖಾಲಿಯಾಗಿ ಒಂದು ಸುತ್ತು ಓಡಿಸಿ, ಮರುದಿನ ಸಾಮಾನ್ಯ ಹೊರೆಯೊಂದಿಗೆ ಸಣ್ಣ ಏರು ಹತ್ತಿಸಿ ಇಳಿಸಿ, ಮೇಲಿನ ಪರೀಕ್ಷೆಗಳನ್ನೆಲ್ಲ ಅದೇ ಕ್ರಮದಲ್ಲಿ ಇನ್ನೊಮ್ಮೆ ಮಾಡಿ, ಆಮೇಲಷ್ಟೇ ಘಾಟಿಯ ಕಡೆ ತಿರುಗಿಸಿ.